ಮ್ಯೂನಿಕ್‌ನಿಂದ ನೊಯ್‌ಶ್ವಾನ್‌ಸ್ಟೈನ್: ಒಂದು ದಿನದಲ್ಲಿ ಎಷ್ಟು ನೋಡಬಹುದು?

ಪ್ರಶ್ನೆ: ಜರ್ಮನಿಯ ಮ್ಯೂನಿಕ್‌ನಲ್ಲಿ ಉಳಿದುಕೊಂಡು ನೊಯ್‌ಶ್ವಾನ್‌ಸ್ಟೈನ್ ಅರಮನೆ, ಫ್ಯೂಸೆನ್ ಊರು, ವೀಸ್ ಚರ್ಚು, ಓಬರಮ್ಮರ್ಗೌ ಹಳ್ಳಿ ಎಲ್ಲವನ್ನೂ ರೈಲು, ಬಸ್ಸಿನಲ್ಲೇ ಒಂದೇ ದಿನ ನೋಡಿ ಬರಬಹುದೇ?

ಅರಮನೆ ಮತ್ತು ಫ್ಯೂಸೆನ್ ನೆಮ್ಮದಿಯಾಗಿ ಆಗುತ್ತವೆ. ಉಳಿದೆರಡು ಕಡೆಗೆ ಬಸ್ಸುಗಳು ದಿನಕ್ಕೆ ಕೆಲವೇ ಇರುವುದರಿಂದ ಅವನ್ನೂ ಸೇರಿಸಿಕೊಂಡರೆ ಕಾಯುವುದರಲ್ಲೇ ಹೊತ್ತು ಹೋಗುತ್ತದೆ. ಕಾರಿದ್ದರೆ ವೀಸ್ ಚರ್ಚನ್ನು ಸೇರಿಸಿಕೊಳ್ಳಿ, ಓಬರಮ್ಮರ್ಗೌ ಇನ್ನೊಂದು ದಿನಕ್ಕಿರಲಿ.

ಮೊದಲು ಗೊತ್ತುಮಾಡಬೇಕಾದ್ದು ರೈಲನ್ನಲ್ಲ, ಅರಮನೆಯ ಹೊತ್ತನ್ನು. ಒಳಗೆ ಹೋಗಲು ಗೈಡ್ ಜೊತೆಗಿನ ಪ್ರವೇಶ ಮಾತ್ರ. ಟಿಕೆಟ್‌ನಲ್ಲಿ ನಿಮಿಷ ಸಮೇತ ಸಮಯ ಇರುತ್ತದೆ, ಅದು ತಪ್ಪಿದರೆ ಟಿಕೆಟ್ ವ್ಯರ್ಥ. ಬೇಸಿಗೆಯಲ್ಲಿ ಆ ದಿನದ ಟಿಕೆಟ್ ಕೌಂಟರಿನಲ್ಲಿ ಸಿಗುತ್ತದೆಂದು ನಂಬಬೇಡಿ, ಆನ್‌ಲೈನ್‌ನಲ್ಲಿ ಮುಂಚೆಯೇ ತೆಗೆದಿಡಿ. 18 ವರ್ಷದೊಳಗಿನವರಿಗೆ ಪ್ರವೇಶ ಉಚಿತ, ಆದರೂ ಅವರ ಹೆಸರಲ್ಲೂ ಟಿಕೆಟ್ ಬೇಕು.

ಈಗ ಹಿಂದಕ್ಕೆ ಲೆಕ್ಕ ಹಾಕಿ. ಮ್ಯೂನಿಕ್ ಮುಖ್ಯ ನಿಲ್ದಾಣದಿಂದ ಫ್ಯೂಸೆನ್‌ಗೆ ಸುಮಾರು 2 ಗಂಟೆ. ಕೆಲವು ರೈಲು ನೇರ, ಕೆಲವಕ್ಕೆ ದಾರಿಯಲ್ಲಿ ಬದಲಾಯಿಸಬೇಕು. ಅಲ್ಲಿಂದ 73 ಅಥವಾ 78ನೇ ಬಸ್ಸಿನಲ್ಲಿ ಅರಮನೆ ಕೆಳಗಿನ ಹೋಹೆನ್‌ಶ್ವಾಂಗೌ ಹಳ್ಳಿಗೆ 10 ನಿಮಿಷ. ಹಳ್ಳಿಯಿಂದ ಬೆಟ್ಟ ಹತ್ತಲು 40 ನಿಮಿಷ. ಟಿಕೆಟ್‌ನಲ್ಲಿರುವ ಸಮಯ ಅರಮನೆಯ ಅಂಗಳದಲ್ಲಿ ನಿಂತಿರಬೇಕಾದ ಸಮಯ. ಬಹಳಷ್ಟು ಜನ ಎಡವುವುದು ಇಲ್ಲಿಯೇ: ಹಳ್ಳಿಗೆ ಬಂದರೆ ಸಾಕು ಅಂದುಕೊಂಡು ಏರುದಾರಿಯನ್ನು ಮರೆಯುತ್ತಾರೆ.

ಕುಟುಂಬವಾಗಿ ಹೋಗುವವರಿಗೆ ಬಯರ್ನ್ ಟಿಕೆಟ್, ಅಂದರೆ ಬವೇರಿಯಾ ರಾಜ್ಯದ ಪ್ರಾದೇಶಿಕ ರೈಲುಗಳ ಒಂದು ದಿನದ ಟಿಕೆಟ್, ಅಗ್ಗ. ಐದು ಜನರವರೆಗೆ ಒಂದೇ ಟಿಕೆಟ್, ಫ್ಯೂಸೆನ್ ಬಸ್ಸಿಗೂ ಅದೇ ನಡೆಯುತ್ತದೆ. ಅದರ ಮೇಲೆ ಹೆಸರು ಬರೆದೇ ಹತ್ತಿ. ಐಸಿಇ, ಐಸಿ ಎಂಬ ದೂರದೂರಿನ ವೇಗದ ರೈಲುಗಳಲ್ಲಿ ನಡೆಯದು. ವಾರದ ದಿನಗಳಲ್ಲಿ ಇದು ಬೆಳಿಗ್ಗೆ 9ರ ನಂತರವಷ್ಟೇ ಚಾಲ್ತಿ. ಹಾಗಾಗಿ ಸೋಮವಾರದಿಂದ ಶುಕ್ರವಾರದವರೆಗೆ ಮಧ್ಯಾಹ್ನ ಒಂದೂವರೆಗಿಂತ ಮುಂಚಿನ ಪ್ರವೇಶ ತೆಗೆದುಕೊಳ್ಳಬೇಡಿ. ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ಈ ಕಟ್ಟಿಲ್ಲ, ಬೇಗ ಹೊರಡಬಹುದು.

ಮೇಲೆ ಹೋಗಲು ಹಳ್ಳಿಯಿಂದ ಬಸ್ಸೂ ಇದೆ, ಕುದುರೆಗಾಡಿಯೂ ಇದೆ. ಎರಡೂ ಅರಮನೆಯ ಬಾಗಿಲಿಗೇ ಬಿಡುವುದಿಲ್ಲ. ನಮ್ಮ ಸಲಹೆ ಬಸ್ಸು, ಏಕೆಂದರೆ ಅದು ಇಳಿಸುವುದು ಮರೀನ್‌ಬ್ರ್ಯೂಕೆ ಸೇತುವೆಯ ಹತ್ತಿರ. ಪೊಲ್ಲಾಟ್ ಕಮರಿಯ ಮೇಲೆ ಸುಮಾರು 90 ಮೀಟರ್ ಎತ್ತರದಲ್ಲಿರುವ ಈ ಸೇತುವೆಯಿಂದಲೇ ಅರಮನೆ ಇಡಿಯಾಗಿ ಕಾಣುತ್ತದೆ. ನೋಡಿ, ಅಲ್ಲಿಂದ ಹದಿನೈದು ನಿಮಿಷ ಇಳಿದರೆ ಅರಮನೆ. ನಡೆದು ಬಂದವರು ಇದೇ ಸೇತುವೆಗೆ ಮತ್ತೆ ಹತ್ತಬೇಕು. ಮಂಜು, ಹಿಮ ಕಟ್ಟಿದಾಗ ಬಸ್ಸು ನಿಲ್ಲುತ್ತದೆ, ಸೇತುವೆಯನ್ನೂ ಮುಚ್ಚುತ್ತಾರೆ. ಚಳಿಗಾಲದಲ್ಲಿ ಹೋಗುವವರು ಹಿಡಿತವಿರುವ ಬೂಟು ಹಾಕಿಕೊಂಡು, ನಡೆಯುವ ಹೊತ್ತನ್ನೇ ಲೆಕ್ಕಕ್ಕಿಟ್ಟುಕೊಳ್ಳಲಿ.

ಒಳಗಿನ ಸುತ್ತು ಅರ್ಧ ಗಂಟೆ ಚಿಲ್ಲರೆ. ಇಷ್ಟು ದೂರ ಬಂದು ಇಷ್ಟೇನಾ ಅನ್ನಿಸಬಹುದು. ಕಾರಣ ಇದೆ: 1869ರಲ್ಲಿ ಕಟ್ಟಲು ಶುರುಮಾಡಿದ ಬವೇರಿಯಾದ ದೊರೆ ಎರಡನೇ ಲುಡ್ವಿಗ್ 1886ರ ಜೂನ್‌ನಲ್ಲಿ ತೀರಿಕೊಂಡ, ಬಹುಪಾಲು ಕೋಣೆಗಳು ಮುಗಿಯಲೇ ಇಲ್ಲ. ಸಿಂಹಾಸನದ ಸಭಾಂಗಣದಲ್ಲಿ ಸಿಂಹಾಸನವೇ ಇಲ್ಲ. ಆ ಸಭಾಂಗಣ, ಮೇಲಿನ ಗಾಯಕರ ಸಭಾಂಗಣ, ಕೊರೆದ ಮರದ ಮಲಗುಕೋಣೆ ಇವನ್ನು ಕಣ್ತುಂಬ ನೋಡಿ, ಯಾಕೆಂದರೆ ಒಳಗೆ ಫೋಟೋ ತೆಗೆಯುವಂತಿಲ್ಲ. ದೊಡ್ಡ ಬ್ಯಾಗು, ಮಗುವಿನ ತಳ್ಳುಗಾಡಿ ಒಳಗೆ ಬಿಡುವುದಿಲ್ಲ, ಸೂಟ್‌ಕೇಸ್ ಮ್ಯೂನಿಕ್‌ನಲ್ಲೇ ಇರಲಿ. ಮೆಟ್ಟಿಲು ಮುನ್ನೂರಕ್ಕೂ ಹೆಚ್ಚು, ಮಂಡಿನೋವಿನ ಹಿರಿಯರಿದ್ದರೆ ಅವರಿಗೆ ಮೊದಲೇ ಹೇಳಿ.

ಒಂದೂವರೆಯ ಪ್ರವೇಶವಾದರೆ ಮೂರು, ಮೂರೂವರೆಗೆಲ್ಲ ಫ್ಯೂಸೆನ್‌ಗೆ ಮರಳಬಹುದು. ಹೆಚ್ಚಿನವರು ಇದನ್ನು ಬರೀ ರೈಲು ಬದಲಾಯಿಸುವ ಜಾಗ ಮಾಡಿಕೊಳ್ಳುತ್ತಾರೆ, ಅದು ನಷ್ಟ. ನಿಲ್ದಾಣದಿಂದ ಐದೇ ನಿಮಿಷಕ್ಕೆ ರೈಖೆನ್‌ಸ್ಟ್ರಾಸೆ ಎಂಬ ಹಳೇ ಪೇಟೆ ಬೀದಿ. ಅದರ ಮೇಲ್ಗಡೆ ಹೋಹೆಸ್ ಶ್ಲೋಸ್ ಎಂಬ ಹಳೇ ಕೋಟೆ, ಅಂಗಳದ ಗೋಡೆಗಳ ಮೇಲಿನ ಎಷ್ಟೋ ಕಿಟಕಿ ಚೌಕಟ್ಟುಗಳು ಬಣ್ಣದಲ್ಲಿ ಬರೆದವು, ಹತ್ತಿರ ಹೋಗುವವರೆಗೆ ಗೊತ್ತಾಗುವುದಿಲ್ಲ. ಕೆಳಗೆ ಸೇಂಟ್ ಮಾಂಗ್ ಮಠ. 1562ರಲ್ಲಿ ಲ್ಯೂಟ್ ಎಂಬ ತಂತಿವಾದ್ಯದ ತಯಾರಕರು ಸಂಘ ಕಟ್ಟಿಕೊಂಡ ಊರಿದು, ಆ ಪರಂಪರೆಯ ವಾದ್ಯಗಳು ಮಠದ ಮ್ಯೂಸಿಯಂನಲ್ಲಿವೆ. ಇನ್ನೂ ಹೊತ್ತಿದ್ದರೆ ಲೆಖ್ ನದಿ ದಡದಲ್ಲೇ ನಡೆದು ಲೆಖ್‌ಫಾಲ್ ಜಲಪಾತ ನೋಡಿ. ಮೆಟ್ಟಿಲುಮೆಟ್ಟಿಲಾಗಿ ಕಟ್ಟಿದ ಒಡ್ಡಿನ ಮೇಲೆ ಹಸಿರು ನೀರು ಬೀಳುತ್ತದೆ. ವಾಪಸಿನ ರೈಲಿನ ಸಮಯವನ್ನು ಬೆಳಿಗ್ಗೆ ಇಳಿದಾಗಲೇ ಬರೆದುಕೊಳ್ಳಿ. ಬಯರ್ನ್ ಟಿಕೆಟ್ ಮರುದಿನ ಬೆಳಗಿನ ಜಾವ 3ರವರೆಗೆ ನಡೆಯುತ್ತದಾದರೂ ರಾತ್ರಿ ರೈಲುಗಳು ವಿರಳ.