ಮೆಜೆಸ್ಟಿಕ್ ಕೆಡವಿ ಕಟ್ಟಿದರೆ ನಮ್ಮ ಓಡಾಟ ಕಡಿಮೆ ಆಗುತ್ತಾ?

ಓದುಗರ ಪ್ರಶ್ನೆ: ಮೆಜೆಸ್ಟಿಕ್‌ನಲ್ಲಿ ಬಸ್ಸು, ರೈಲು, ಮೆಟ್ರೋ ಮೂರೂ ಒಂದೇ ಕಡೆ ಇವೆ ಅಂತಾರೆ. ಆದರೂ ಲಗೇಜು ಹೊತ್ತು ಒಂದರಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಸಾಕುಸಾಕಾಗುತ್ತೆ. ಬಸ್ ನಿಲ್ದಾಣದ ಜಾಗದಲ್ಲಿ ದೊಡ್ಡ ಸಾರಿಗೆ ಹಬ್ ಕಟ್ಟಿದರೆ ಈ ಕಷ್ಟ ತಪ್ಪುತ್ತಾ?

ಉತ್ತರ: ಬರೀ ಕಟ್ಟಡ ಕಟ್ಟಿದರೆ ತಪ್ಪುವುದಿಲ್ಲ. ನಿಮಗೆ ಸುಸ್ತಾಗುವುದು ಮೂರು ನಿಲ್ದಾಣಗಳ ನಡುವಿನ ದಾರಿಯಲ್ಲಿ. ಮೊದಲು ಆ ದಾರಿ ಗುರುತು ಮಾಡಿ, ಆಮೇಲೆ ಅದರ ಸುತ್ತ ಕಟ್ಟಡ ಎಬ್ಬಿಸಿದರೆ ಅನುಕೂಲವಾದೀತು. ಕಟ್ಟಡವೇ ಮೊದಲಾದರೆ ಈಗಿನ ಪಾಡೇ ಮುಂದುವರಿಯುತ್ತದೆ, ನೆಲಕ್ಕೆ ಗ್ರಾನೈಟ್ ಬಂದಿರುತ್ತದೆ ಅಷ್ಟೇ.

ಈ ಮೂರನ್ನೂ ಯಾರೂ ಒಟ್ಟಿಗೆ ಕೂತು ಯೋಚಿಸಿ ಕಟ್ಟಿದ್ದಲ್ಲ. ರೈಲು ನಿಲ್ದಾಣ ಹಳೆಯದು. ಅದರ ಎದುರಿಗೆ ಧರ್ಮಾಂಬುಧಿ ಕೆರೆ ಇತ್ತು. ಕೆರೆ ಬತ್ತಿ ಮೈದಾನವಾಯಿತು. 1980ರ ದಶಕದಲ್ಲಿ ಅಲ್ಲಿ ಈಗಿನ ಬಸ್ ನಿಲ್ದಾಣ ಎದ್ದಿತು. ಟ್ಯಾಂಕ್ ಬಂಡ್ ರಸ್ತೆಯ ಹೆಸರಲ್ಲಿ ಮಾತ್ರ ಆ ಕೆರೆ ಏರಿ ಉಳಿದಿದೆ. ಆಮೇಲೆ ಬಸ್ ನಿಲ್ದಾಣದ ಜಾಗವನ್ನೇ ಅಗೆದು ಮೆಟ್ರೋ ಮಾಡಿದರು. ನೇರಳೆ ಮಾರ್ಗ 2016ರಲ್ಲಿ, ಹಸಿರು ಮಾರ್ಗ 2017ರಲ್ಲಿ ಅಲ್ಲಿಗೆ ಮುಟ್ಟಿತು. ರೈಲು ಕೇಂದ್ರ ಸರ್ಕಾರದ್ದು. ಬಸ್ಸುಗಳು ಬೇರೆ ಬೇರೆ ನಿಗಮಗಳದ್ದು. ಮೆಟ್ರೋ ಕೇಂದ್ರ, ರಾಜ್ಯ ಎರಡರ ಪಾಲಿನದ್ದು. ನಡುವಿನ ರಸ್ತೆ, ಫುಟ್‌ಪಾತಿಗೆ ಜವಾಬ್ದಾರರು ಮತ್ತೆ ಬೇರೆ. ಎಲ್ಲರೂ ತಮ್ಮ ಕಾಂಪೌಂಡಿನೊಳಗೆ ಪರವಾಗಿಲ್ಲ ಅನ್ನುವ ಹಾಗೇ ಕಟ್ಟಿದ್ದಾರೆ. ಕಾಂಪೌಂಡಿನ ಆಚೆಗಿನದು ಯಾರ ತಲೆನೋವೂ ಆಗಲಿಲ್ಲ.

ಬೆಳಿಗ್ಗೆ ಹುಬ್ಬಳ್ಳಿ ರೈಲಿನಿಂದ ಒಂದು ಸಂಸಾರ ಇಳಿಯಿತು ಅಂದುಕೊಳ್ಳಿ. ಎರಡು ಸೂಟ್‌ಕೇಸು, ರೊಟ್ಟಿ ಕಟ್ಟಿದ ಒಂದು ಗಂಟು, ಮೊಣಕಾಲು ನೋವಿನ ಅಜ್ಜಿ. ಸ್ಟೇಷನ್ನಿನಿಂದ ಹೊರಗೆ ಬಂದ ಕೂಡಲೇ ಆಟೋದವರು ‘ಎಲ್ಲಿಗೆ ಸಾರ್, ಎಲ್ಲಿಗೆ’ ಅಂತ ಮುತ್ತಿಕೊಳ್ಳುತ್ತಾರೆ. ಅವರನ್ನು ದಾಟಿದರೆ ಸಬ್‌ವೇ ಮೆಟ್ಟಿಲು. ಸೂಟ್‌ಕೇಸಿನ ಚಕ್ರ ಅಲ್ಲಿ ಕೆಲಸಕ್ಕೆ ಬರುವುದಿಲ್ಲ, ಎತ್ತಿಕೊಳ್ಳಬೇಕು. ಕೆಳಗೆ ಸಾಕ್ಸು, ಮೊಬೈಲ್ ಕವರು ಮಾರುವವರ ನಡುವೆ ಸಿಕ್ಕಷ್ಟು ದಾರಿ. ಮತ್ತೆ ಮೇಲೆ ಹತ್ತಬೇಕು. ಮೆಟ್ರೋ ಬಾಗಿಲಲ್ಲಿ ಎಲ್ಲಾ ಲಗೇಜೂ ಸ್ಕ್ಯಾನರಿಗೆ ಹೋಗಿ ಬರಬೇಕು. ಅಲ್ಲಿಂದ ಮತ್ತೆ ಇಳಿಯಬೇಕು. ನೇರವಾಗಿ ಅಳೆದರೆ ಇದು ಅಂಥ ದೂರವೇನಲ್ಲ. ಇಳಿದು ಹತ್ತಿ ಇಳಿಯುವುದರಲ್ಲೇ ಅಜ್ಜಿಗೆ ಸಾಕಾಗಿರುತ್ತದೆ.

ಇಲ್ಲೊಂದು ಉಪಯೋಗದ ಮಾತು. ಮೆಜೆಸ್ಟಿಕ್‌ನಿಂದ ಒಂದೇ ಸ್ಟಾಪ್ ಪಶ್ಚಿಮಕ್ಕೆ, ನೇರಳೆ ಮಾರ್ಗದಲ್ಲೇ, ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದ ಹೆಸರಿನ ಮೆಟ್ರೋ ಸ್ಟೇಷನ್ ಇದೆ. ಅದು ರೈಲು ನಿಲ್ದಾಣದ ಹಿಂಭಾಗಕ್ಕೆ, ಹತ್ತನೇ ಪ್ಲಾಟ್‌ಫಾರ್ಮಿನ ಕಡೆಗೆ ಹತ್ತಿರ. ಅಲ್ಲಿಗೆ ಮೇಲ್ಸೇತುವೆಯೂ ಇದೆ. ನಿಮ್ಮ ರೈಲು ಎಂಟು, ಒಂಬತ್ತು, ಹತ್ತರಲ್ಲಿ ಬಂದರೆ ಸುಮ್ನೆ ಮುಂಬಾಗಿಲಿಗೆ ಬರಬೇಡಿ. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಇಂಥದ್ದನ್ನು ತಿಳಿಸುವ ಒಳ್ಳೆ ಬೋರ್ಡು ಹಾಕಲು ಏನನ್ನೂ ಕೆಡವಬೇಕಿಲ್ಲ, ಅಲ್ವಾ?

‘ಅರ್ಧ ಬಸ್ಸುಗಳನ್ನು ಊರಾಚೆಗೆ ಕಳಿಸಿ’ ಅನ್ನುವವರೂ ಇದ್ದಾರೆ. ಅದನ್ನೂ ಮಾಡಿ ನೋಡಿಯಾಗಿದೆ. 2014ರಲ್ಲಿ ಪೀಣ್ಯದಲ್ಲಿ ಬಸವೇಶ್ವರ ಬಸ್ ನಿಲ್ದಾಣ ಶುರುವಾಯಿತು. ತುಮಕೂರು ರಸ್ತೆ ಕಡೆಯ ಊರುಗಳ ಬಸ್ಸುಗಳನ್ನು ಅಲ್ಲಿಂದ ಬಿಟ್ಟರು. ಆಗ ಹಸಿರು ಮೆಟ್ರೋ ಸಂಪಿಗೆ ರಸ್ತೆಗೇ ನಿಲ್ಲುತ್ತಿತ್ತು, ಮೆಜೆಸ್ಟಿಕ್‌ಗೆ ಬರುತ್ತಿರಲಿಲ್ಲ. ರಾತ್ರಿ ಬಸ್ಸಿಗೆ ಗಂಟುಮೂಟೆ ಸಮೇತ ಪೀಣ್ಯಕ್ಕೆ ಯಾರು ಹೋಗುತ್ತಾರೆ? ಜನ ಹೋಗಲಿಲ್ಲ, ಬಸ್ಸುಗಳು ಮೆಜೆಸ್ಟಿಕ್‌ಗೇ ವಾಪಸ್ ಬಂದವು. ಕಟ್ಟಡ ಚೆನ್ನಾಗಿಯೇ ಇತ್ತು. ಅಲ್ಲಿಗೆ ಮುಟ್ಟುವ ದಾರಿ ಇರಲಿಲ್ಲ.

ಹೊರದೇಶದ ಎರಡು ಉದಾಹರಣೆ ನೋಡೋಣ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನ್ಯೂ ಸ್ಟ್ರೀಟ್ ನಿಲ್ದಾಣವನ್ನು 2015ಕ್ಕೆ ಹೊಸದು ಮಾಡಿ ಮುಗಿಸಿದರು. ಮೇಲೆ ಬೆಳಕು ಸುರಿಯುವ ದೊಡ್ಡ ಹಜಾರ, ಅದರ ಮೇಲೇ ಮಾಲ್. ಆದರೆ ರೈಲು ನಿಲ್ಲುವ ಪ್ಲಾಟ್‌ಫಾರ್ಮುಗಳು ನೆಲದಡಿಯಲ್ಲಿ ಮೊದಲಿನ ಹಾಗೇ ಕತ್ತಲೆಯಲ್ಲಿ ಉಳಿದವು. ಮೇಲೆ ಜನರಿಗೆ ಓಡಾಡಲು ಜಾಗ ಸಿಕ್ಕಿದ್ದು ಸುಳ್ಳಲ್ಲ. ಹೆಚ್ಚು ರೈಲು ಬರಲು ಜಾಗ ಆಗಲಿಲ್ಲ.

ಟೋಕಿಯೋದ ಶಿಂಜುಕು ನಮಗೆ ಜಾಸ್ತಿ ಪಾಠ ಹೇಳುತ್ತದೆ. ಅಲ್ಲಿ ಐದು ಬೇರೆ ಬೇರೆ ರೈಲು ಸಂಸ್ಥೆಗಳಿವೆ, ಅಂದರೆ ಯಜಮಾನರ ಕಾಟ ನಮಗಿಂತ ಕಡಿಮೆ ಇಲ್ಲ. ಸುತ್ತಮುತ್ತಲ ಬೀದಿಗಳಲ್ಲಿ 19 ಕಡೆ ಹರಡಿದ್ದ ದೂರದ ಊರಿನ ಬಸ್ ಸ್ಟಾಪುಗಳನ್ನು 2016ರಲ್ಲಿ ಹಳಿಗಳ ಮೇಲೆ ಕಟ್ಟಿದ ಒಂದೇ ಟರ್ಮಿನಲ್ಲಿಗೆ ತಂದರು. 2020ರಲ್ಲಿ ನಿಲ್ದಾಣದ ಪೂರ್ವದಿಂದ ಪಶ್ಚಿಮಕ್ಕೆ ಟಿಕೆಟ್ ಇಲ್ಲದವರೂ ಹಾದುಹೋಗುವ ಒಂದು ಓಣಿ ತೆರೆದರು. 100 ಮೀಟರ್ ಉದ್ದ, 25 ಮೀಟರ್ ಅಗಲ. ಅಷ್ಟೇ. ಅದಕ್ಕೆ ಮುಂಚೆ ಆಚೆ ಬದಿಗೆ ಹೋಗಲು ಸುತ್ತು ಹಾಕಿಕೊಂಡು ಹೋಗಬೇಕಿತ್ತು. ಮೆಜೆಸ್ಟಿಕ್‌ಗೆ ಏನಾದರೂ ಒಂದನ್ನೇ ಕೇಳಬಹುದು ಅಂದರೆ ನಾನು ಇಂಥ ಓಣಿ ಕೇಳುತ್ತೇನೆ. ರೈಲು ನಿಲ್ದಾಣದ ಹಿಂಬಾಗಿಲಿಂದ ಶುರುವಾಗಿ, ಮೆಟ್ರೋ ಬಾಗಿಲನ್ನು ಮುಟ್ಟಿ, ಬಸ್ಸಿನ ಅಂಕಣಗಳವರೆಗೆ. ಮೇಲೆ ಸೂರು, ಎರಡು ತುದಿಗೂ ಲಿಫ್ಟು, ನಡುವೆ ಅಂಗಡಿ ಇಲ್ಲ.

ಅಂಗಡಿ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಖಾಸಗಿಯವರ ಜೊತೆ ಸೇರಿ ಹಬ್ ಕಟ್ಟುವಾಗ ದುಡ್ಡು ವಾಪಸ್ ಬರುವುದು ಬಾಡಿಗೆಯಿಂದ. ಬಾಡಿಗೆ ಜಾಸ್ತಿ ಬರಬೇಕಾದರೆ ಜನ ಅಂಗಡಿ ಮುಂದೆ ಹಾದುಹೋಗಬೇಕು. ಅಲ್ಲಿಗೆ ದಾರಿಯನ್ನು ಬೇಕೆಂದೇ ಸುತ್ತುಬಳಸು ಮಾಡುವ ಆಸೆ ಹುಟ್ಟುತ್ತದೆ. ಶಾಂತಿನಗರ, ಕೋರಮಂಗಲದಂಥ ಕಡೆ ಬಿಎಂಟಿಸಿ ಮಹಡಿಗಟ್ಟಲೆ ಟಿಟಿಎಂಸಿಗಳನ್ನು, ಅಂದರೆ ಕೆಳಗೆ ಬಸ್ ನಿಲ್ದಾಣ, ಮೇಲೆ ಬಾಡಿಗೆ ಜಾಗ ಇರುವ ಕಟ್ಟಡಗಳನ್ನು, ಕಟ್ಟಿಯಾಗಿದೆ. ಒಮ್ಮೆ ಹೋಗಿ ನೋಡಿ, ಬಸ್ಸಿಗೆ ಕಾಯುವವರಲ್ಲಿ ಎಷ್ಟು ಜನ ಮೇಲಿನ ಮಹಡಿಗೆ ಹತ್ತುತ್ತಾರೆ ಅಂತ.

ಕೊನೆಗೆ, ಯಾರೂ ಗಟ್ಟಿಯಾಗಿ ಕೇಳದ ಪ್ರಶ್ನೆ. ಕಟ್ಟುವಾಗ ಬಸ್ಸುಗಳು ಎಲ್ಲಿ ನಿಲ್ಲುತ್ತವೆ? ಈ ನಿಲ್ದಾಣವನ್ನು ಒಂದು ದಿನವೂ ಪೂರ್ತಿ ಮುಚ್ಚಲಾಗದು. ಒಂದು ಭಾಗ ಕೆಡವಿ, ಕಟ್ಟಿ, ಬಸ್ಸುಗಳನ್ನು ಅದಕ್ಕೆ ಸಾಗಿಸಿ, ಆಮೇಲೆ ಮುಂದಿನ ಭಾಗಕ್ಕೆ ಕೈ ಹಾಕಬೇಕು. ಅದು ವರ್ಷಗಟ್ಟಲೆ ಹಿಡಿಯುತ್ತದೆ. ಕೆಳಗೆ ಮೆಟ್ರೋ ಓಡುತ್ತಿರುವುದರಿಂದ ಬೇಕಾದಲ್ಲೆಲ್ಲಾ ಕಂಬ ಇಳಿಸುವ ಹಾಗೂ ಇಲ್ಲ. ಮೇಲಾಗಿ ಅದು ಕೆರೆ ಇದ್ದ ತಗ್ಗು. ನೆಲಮಾಳಿಗೆ ತೋಡಿದರೆ ಮಳೆಗಾಲದಲ್ಲಿ ನೀರು ಹಳೇ ಜಾಗ ಹುಡುಕಿಕೊಂಡು ಬರುತ್ತದೆ. ಯೋಜನೆಯ ನಕ್ಷೆ ಹೊರಬಂದಾಗ ಗಾಜಿನ ಕಟ್ಟಡದ ಚಿತ್ರ ಪಕ್ಕಕ್ಕಿಡಿ. ಕಾಮಗಾರಿ ನಡೆಯುವಾಗ ಬಸ್ಸುಗಳು ಎಲ್ಲಿ, ನೀರು ಎಲ್ಲಿಗೆ, ಒಂದನೇ ಪ್ಲಾಟ್‌ಫಾರ್ಮಿನಿಂದ ಮೆಟ್ರೋ ಗೇಟಿಗೆ ಎಷ್ಟು ಮೆಟ್ಟಿಲು ಅಂತ ಹೇಳುವ ಹಾಳೆ ಇದೆಯಾ ನೋಡಿ. ಇಲ್ಲದಿದ್ದರೆ ಆಕ್ಷೇಪಣೆ ಬರೆಯಿರಿ.