ಸರಿಯಾಗಿ ಬಗ್ಗಿ ಎತ್ತಿದರೂ ನರ್ಸ್‌ಗಳಿಗೆ ಸೊಂಟನೋವು ಯಾಕೆ?

ಪ್ರಶ್ನೆ: ನಾನು ಸ್ಟಾಫ್ ನರ್ಸ್. ಮಂಡಿ ಮಡಚಿ, ಬೆನ್ನು ನೆಟ್ಟಗಿಟ್ಟು ಎತ್ತಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು, ಹಾಗೇ ಮಾಡುತ್ತೇನೆ. ಆದರೂ ಡ್ಯೂಟಿ ಮುಗಿಯುವಷ್ಟರಲ್ಲಿ ಸೊಂಟ ಹಿಡಿದುಕೊಂಡಿರುತ್ತದೆ. ಬೆಲ್ಟ್ ಹಾಕಿಕೊಳ್ಳಲೇ?

ಉತ್ತರ: ಬೆಲ್ಟ್‌ಗೆ ದುಡ್ಡು ಸುರಿಯಬೇಡಿ. ಕೆಲಸದಲ್ಲಿ ಬೆನ್ನಿಗೆ ಪೆಟ್ಟಾಗದಂತೆ ಅದು ಕಾಪಾಡುತ್ತದೆ ಎನ್ನಲು ಆಧಾರವಿಲ್ಲವೆಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ 1994ರಲ್ಲೇ ಹೇಳಿದೆ. ಬರೀ ಎತ್ತುವ ತರಬೇತಿಯಿಂದ ಬೆನ್ನುನೋವು ತಪ್ಪುತ್ತದೆ ಎಂಬುದೂ ಅಧ್ಯಯನಗಳಲ್ಲಿ ಸಾಬೀತಾಗಿಲ್ಲ.

ನಿಮಗೆ ಕಲಿಸಿದ್ದು ಸುಳ್ಳಲ್ಲ, ಆದರೆ ಅದು ಅಕ್ಕಿ ಮೂಟೆಗೆ ಹೊಂದುವ ಪಾಠ. ಮೂಟೆಯನ್ನು ಎದೆಗೆ ಅವಚಿಕೊಂಡು ಎತ್ತಬಹುದು. ರೋಗಿ ಮಂಚದ ನಡುವೆ ಮಲಗಿರುತ್ತಾರೆ. ಕೈ ಚಾಚಿ, ಸೊಂಟ ತಿರುಚಿಯೇ ಅವರನ್ನು ಹಿಡಿಯಬೇಕು. ಡ್ರಿಪ್ ಲೈನ್, ಕ್ಯಾಥೆಟರ್ ಎರಡರ ಮೇಲೂ ಕಣ್ಣಿರಬೇಕು. ಅಷ್ಟರಲ್ಲಿ ನೋವಾಗಿ ಅವರು ನಿಮ್ಮ ಕತ್ತಿಗೇ ಜೋತುಬಿದ್ದರೆ ನೆಟ್ಟಗಿನ ಬೆನ್ನು ಅಲ್ಲಿಗೆ ಮುಗಿಯಿತು.

ರೋಗಿ ಸಹಕರಿಸುತ್ತಿದ್ದು, ಎತ್ತಲು ಅನುಕೂಲವಿದ್ದಾಗಲೂ ಒಬ್ಬರು ಹೊರುವ ಭಾರ ಸುಮಾರು 16 ಕೆಜಿ ದಾಟಬಾರದು ಎಂಬುದು 2007ರಲ್ಲಿ ನಿಯೋಶ್ ಸಂಶೋಧಕರೊಬ್ಬರು ಕೊಟ್ಟ ಲೆಕ್ಕ. 60 ಕೆಜಿ ಮನುಷ್ಯನ ಒಂದು ಕಾಲೇ 10 ಕೆಜಿ ಹತ್ತಿರ ತೂಗುತ್ತದೆ. ಎರಡೂ ಕಾಲು ಎತ್ತಿ ಹಿಡಿದರೆ ಮಿತಿ ದಾಟಿತು.

ಇನ್ನು ಕೈಗಳ ಲೆಕ್ಕ. ಜನರಲ್ ವಾರ್ಡ್‌ನಲ್ಲಿ, ಬೋಧನಾ ಆಸ್ಪತ್ರೆಯಾದರೆ 3 ರೋಗಿಗಳಿಗೆ, ಉಳಿದ ಕಡೆ 5 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂಬುದು ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡ. ನೈಟ್ ಡ್ಯೂಟಿ ಮಾಡಿದವರಿಗೆ ಇದನ್ನು ಓದಿದರೆ ನಗು ಬಂದೀತು. ಆಯಾ ಪಕ್ಕದ ವಾರ್ಡ್‌ನಲ್ಲಿ, ವಾರ್ಡ್ ಬಾಯ್ ಎಕ್ಸ್‌ರೇಗೆ ಹೋಗಿದ್ದಾನೆ. ರೋಗಿಯ ಕಡೆಯವರನ್ನೇ ಎಬ್ಬಿಸಿ "ಒಂಚೂರು ಹಿಡ್ಕೊಳ್ಳಿ" ಅನ್ನಬೇಕು. ಇದನ್ನು ಭಂಗಿಯ ತಪ್ಪು ಎನ್ನಲು ನನಗಂತೂ ಮನಸ್ಸಿಲ್ಲ. ಕೈಯಿಂದ ಭಾರ ಎತ್ತುವ ಕೆಲಸದ ಬಗ್ಗೆ ಬ್ರಿಟನ್ ಮಾಡಿದ 1992ರ ನಿಯಮಗಳು ಹೊಣೆಯನ್ನು ಮೊದಲು ಮಾಲೀಕರ ಮೇಲೇ ಹೊರಿಸುತ್ತವೆ: ಅಪಾಯವಿರುವ ಎತ್ತುವ ಕೆಲಸವನ್ನು ಸಾಧ್ಯವಾದಷ್ಟೂ ಅವರೇ ತಪ್ಪಿಸಬೇಕು.

ನಾಳೆಯಿಂದಲೇ ಮಾಡಬಹುದಾದದ್ದೂ ಇದೆ. ಕೆಳಕ್ಕೆ ಜಾರಿದ ರೋಗಿಯನ್ನು ಮೇಲಕ್ಕೆ ತರುವ ಕೆಲಸ ನೋಡಿ. ಕಂಕುಳಿಗೆ ಕೈ ಕೊಟ್ಟು ಎಳೆಯಬೇಡಿ. ಅವರ ಭುಜಕ್ಕೂ ಅದು ಕೆಟ್ಟದ್ದು. ಚಕ್ರಗಳಿಗೆ ಲಾಕ್ ಹಾಕಿ, ಹ್ಯಾಂಡಲ್ ಇದ್ದರೆ ಮಂಚವನ್ನು ನಿಮ್ಮ ಸೊಂಟದ ಮಟ್ಟಕ್ಕೆ ಏರಿಸಿ. ಡಾಕ್ಟರ್ ಬೇಡ ಎಂದಿರದಿದ್ದರೆ ತಲೆಭಾಗವನ್ನು ಆ ಒಂದು ನಿಮಿಷ ಮಟ್ಟಸ ಮಾಡಿ. ಮಂಡಿ ಮಡಚಿ ಹಿಮ್ಮಡಿ ಊರುವಂತೆ ರೋಗಿಗೇ ಹೇಳಿ. ಎಷ್ಟೋ ಮಂದಿ ಅರ್ಧ ಕೆಲಸ ತಾವೇ ಮಾಡಿಕೊಡುತ್ತಾರೆ. ಎರಡೂ ಬದಿ ಒಬ್ಬೊಬ್ಬರು ನಿಂತು, ರೋಗಿಯ ಕೆಳಗೆ ಅಡ್ಡಲಾಗಿ ಹಾಸಿದ ಡ್ರಾ ಶೀಟ್ ಹಿಡಿದು, ಒಟ್ಟಿಗೆ ಎಣಿಸಿ ಜಾರಿಸಿ, ಎತ್ತಬೇಡಿ. ಜಾರುವ ನೈಲಾನ್ ಬಟ್ಟೆಯ ಸ್ಲೈಡ್ ಶೀಟ್ ಇದ್ದರೆ ಇನ್ನೂ ಸಲೀಸು. ರೋಗಿಯನ್ನು ಎತ್ತುವ ಯಂತ್ರವಾದ ಹಾಯ್ಸ್ಟ್‌ಗಿಂತ ಎಷ್ಟೋ ಅಗ್ಗದ ಈ ವಸ್ತುವನ್ನು ವಾರ್ಡ್ ಇಂಡೆಂಟ್‌ನಲ್ಲಿ, ಅಂದರೆ ಬೇಕಾದ ಸಾಮಾನಿನ ಪಟ್ಟಿಯಲ್ಲಿ, ಬರೆದು ಕೇಳಿ.

ನೋವು ಬಂದಾಗ ದಿನಗಟ್ಟಲೆ ಮಲಗುವುದಕ್ಕಿಂತ ಓಡಾಡಿಕೊಂಡಿರುವುದೇ ಮೇಲು. ಎತ್ತುವಾಗ ಚಳಕ್ ಎಂದಿದ್ದರೆ ದಿನಾಂಕ, ಸಮಯ ಹಾಕಿ ಇನ್ಸಿಡೆಂಟ್ ರಿಜಿಸ್ಟರ್‌ನಲ್ಲಿ ಬರೆಸಿ. ಮುಂದೆ ರಜೆಗೋ ಪರಿಹಾರಕ್ಕೋ ಅದೇ ದಾಖಲೆ. ಕಾಲಿನ ಬಲ ಕುಂದಿದರೆ, ತೊಡೆಸಂದು ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಅದರ ಮೇಲೆ ಹಿಡಿತ ತಪ್ಪಿದರೆ ತಕ್ಷಣ ಡಾಕ್ಟರಿಗೆ ತೋರಿಸಿ, ಶಿಫ್ಟ್ ಮುಗಿಯಲಿ ಎಂದು ಕಾಯಬೇಡಿ.