ಚೀಲದೊಳಗಿನ ಚಕ್ಕುಲಿ

2021ರ ಬೇಸಿಗೆಯಲ್ಲಿ ಒಂದು ಸಂಜೆ ಜೋರು ಗಾಳಿ ಎದ್ದಿತು. ಮಳೆ ಹತ್ತು ಹನಿಯೂ ಬೀಳಲಿಲ್ಲ. ಆದರೆ ನಮ್ಮ ಹಿತ್ತಿಲ ನೇರಳೆ ಮರ ಬುಡಸಮೇತ ಮಗುಚಿ ಬಿತ್ತು. ಏಳು ವರ್ಷದ ಮರ. ಮಹಡಿ ಎತ್ತರಕ್ಕೆ ಬೆಳೆದಿತ್ತು, ಆ ವರ್ಷವೇ ಮೊದಲ ಸಲ ಹೂ ಬಿಟ್ಟಿತ್ತು. ಅದರ ಪಕ್ಕದಲ್ಲಿ ಹೆಚ್ಚುಕಮ್ಮಿ ಅದೇ ವಯಸ್ಸಿನ ಒಂದು ಬೇವು ಇದೆ. ಯಾವುದೋ ಹಕ್ಕಿ ಉದುರಿಸಿದ ಬೀಜದಿಂದ ತಾನಾಗಿ ಹುಟ್ಟಿದ್ದು. ಅದಕ್ಕೆ ಏನೂ ಆಗಲಿಲ್ಲ.

ಮಾರನೇ ದಿನ ಬೆಳಿಗ್ಗೆ ಬಿದ್ದ ಮರದ ಬುಡದ ಹತ್ತಿರ ಕೂತು ನೋಡಿದೆ. ಹೆಬ್ಬೆರಳು ಗಾತ್ರದ ಬೇರುಗಳು ಒಂದರ ಮೇಲೊಂದು ಸುತ್ತಿಕೊಂಡು ಚಕ್ಕುಲಿಯ ಹಾಗೆ ಕೂತಿದ್ದವು. ಆ ಸುತ್ತಿನಿಂದ ಹೊರಗೆ ಹೋದ ಬೇರುಗಳು ಬೆರಳೆಣಿಕೆಯಷ್ಟು, ಅವೂ ಸಣ್ಣವು. ಚಕ್ಕುಲಿಯ ಅಗಲ ಅಳೆದೆ. ನಾವು ನರ್ಸರಿಯಿಂದ ತಂದ ಪ್ಲಾಸ್ಟಿಕ್ ಚೀಲದ ಅಗಲ ಅಷ್ಟೇ ಇತ್ತು. ಚೀಲ ತೆಗೆದು ಏಳು ವರ್ಷವಾಗಿದ್ದರೂ ಗಿಡ ಅದರೊಳಗೇ ಇತ್ತು.

ಗಿಡ ತರುವಾಗ ನಾವು ನೋಡಿದ್ದು ಎತ್ತರ. ಆರಡಿ ಇತ್ತು, ಎಲೆ ಹೊಳೆಯುತ್ತಿತ್ತು, ಬೆಲೆಯೂ ಕಡಿಮೆ. ಇಷ್ಟು ಎತ್ತರದ ಗಿಡ ಇಷ್ಟು ಪುಟ್ಟ ಚೀಲದಲ್ಲಿ ಎಷ್ಟು ದಿನದಿಂದ ಇದೆ ಅಂತ ಕೇಳಲೇ ಇಲ್ಲ.

ಬೇರು ಬೆಳೆಯುವುದು ತುದಿಯಿಂದ. ತುದಿಗೆ ಒಂದು ಟೊಪ್ಪಿಗೆ ಇರುತ್ತದೆ. ಆ ಟೊಪ್ಪಿಗೆಯ ಕೋಶಗಳಲ್ಲಿ ಪಿಷ್ಟದ ಸಣ್ಣ ಕಾಳುಗಳಿವೆ. ಅವು ಭಾರಕ್ಕೆ ಕೆಳಗೆ ಕೂರುತ್ತವೆ, ಅದರಿಂದಲೇ ಬೇರಿಗೆ ಕೆಳಗಿನ ದಿಕ್ಕು ಗೊತ್ತಾಗುತ್ತದೆ. ಮಣ್ಣಿನಲ್ಲಿ ಕಲ್ಲು ಸಿಕ್ಕರೆ ತುದಿ ಬಳಸಿಕೊಂಡು ಹೋಗಿ ಮತ್ತೆ ತನ್ನ ದಾರಿ ಹಿಡಿಯುತ್ತದೆ. ಚೀಲದ ಗೋಡೆಗೆ ಮಾತ್ರ ಕೊನೆ ಇಲ್ಲ, ಅದು ದುಂಡಗಿದೆ. ಬೇರು ಗೋಡೆ ಹಿಡಿದು ಸುತ್ತುತ್ತದೆ, ತಳ ಮುಟ್ಟುತ್ತದೆ, ಅಲ್ಲೂ ಸುತ್ತುತ್ತದೆ. ಎಳೆಯ ಬೇರಾದರೆ ಬಿಡಿಸಬಹುದು. ಬಲಿತು ಕಟ್ಟಿಗೆಯಾದ ಮೇಲೆ ಅದರ ಸುತ್ತು ಬಿಚ್ಚುವುದಿಲ್ಲ, ದಪ್ಪ ಆಗುತ್ತಾ ಹೋಗುತ್ತದೆ ಅಷ್ಟೇ. ಕಾಂಡವೂ ದಪ್ಪ ಆಗುತ್ತದೆ. ಎರಡೂ ಒಂದನ್ನೊಂದು ಒತ್ತುತ್ತವೆ. ಎಲೆಯಲ್ಲಿ ತಯಾರಾದ ಸಕ್ಕರೆ ತೊಗಟೆಯ ಒಳಪದರದಲ್ಲಿ ಬೇರಿಗೆ ಇಳಿಯಬೇಕು, ಆ ದಾರಿ ಹಿಸುಕಿ ಹೋಗುತ್ತದೆ. ಇಂಥ ಮರ ಒಂದೋ ವರ್ಷಗಳ ನಂತರ ಸುಮ್ನೆ ಒಣಗುತ್ತದೆ, ಇಲ್ಲವೇ ಗಾಳಿಗೆ ಮಗುಚುತ್ತದೆ. ಅಷ್ಟು ವರ್ಷ ನೀರು ಹಾಕಿದವರಿಗೆ ಕಾರಣವೇ ತಿಳಿಯುವುದಿಲ್ಲ.

ಹಾಗಾಗಿ ಈಗ ನಾನು ನರ್ಸರಿಗೆ ಹೋದರೆ ಮೊದಲು ಚೀಲ ಎತ್ತಿ ತಳ ನೋಡುತ್ತೇನೆ. ತೂತುಗಳಿಂದ ದಪ್ಪ ಬೇರು ಹೊರಬಂದು ನೆಲಕ್ಕಿಳಿದಿದ್ದರೆ ಆ ಗಿಡ ಅಲ್ಲೇ ಜಾಸ್ತಿ ದಿನ ಕೂತಿದೆ ಅಂತ ಅರ್ಥ. ಅದನ್ನು ಎತ್ತಿದಾಗ ಆ ಬೇರುಗಳು ಕಿತ್ತೇ ಹೋಗುತ್ತವೆ. ಆಮೇಲೆ ಗಿಡಕ್ಕೂ ಚೀಲಕ್ಕೂ ಅಳತೆ ಹೊಂದುತ್ತದಾ ನೋಡುತ್ತೇನೆ. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ 5x8, 6x9, 8x12 ಇಂಚು ಹೀಗೆ ಹಲವು ಅಳತೆಯ ಚೀಲಗಳಿರುತ್ತವೆ. 6x9 ಚೀಲದಲ್ಲಿ ಮೊಣಕಾಲೆತ್ತರದ ಗಿಡ ಸರಿ. ಅದೇ ಚೀಲದಲ್ಲಿ ಆಳೆತ್ತರದ ಗಿಡ ಇದ್ದರೆ ಬಿಟ್ಟುಬಿಡಿ. ಅಷ್ಟು ಎಲೆಗೆ ಬೇಕಾದ ನೀರನ್ನು ಆ ಬೇರು ಎಳೆಯಲಾರದು. ನೆಟ್ಟ ಮೇಲೆ ದೊಡ್ಡ ಗಿಡ ತಿಂಗಳುಗಟ್ಟಲೆ ಬೆಳವಣಿಗೆ ಇಲ್ಲದೆ ನಿಲ್ಲುತ್ತದೆ. ಚಿಕ್ಕ ಗಿಡ ಬೇಗ ಬೇರು ಬಿಟ್ಟು ಎಷ್ಟೋ ಸಲ ಅದನ್ನು ಹಿಂದೆ ಹಾಕುತ್ತದೆ.

ಕಸಿ ಗಿಡವಾದರೆ ಇನ್ನೂ ಒಂದು ಜಾಗ ನೋಡಬೇಕು. ನಮ್ಮ ತುಮಕೂರು ಜಿಲ್ಲೆಯದೇ ಉದಾಹರಣೆ ಇದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ಒಬ್ಬ ರೈತರ ತೋಟದಲ್ಲಿ ತಾಮ್ರಗೆಂಪು ತೊಳೆಯ ಹಲಸಿನ ಮರ ಇತ್ತು. ಹಣ್ಣು ಚಿಕ್ಕದು, ಸುಮಾರು 2.5 ಕಿಲೋ. ಹಲಸಿನಲ್ಲಿ ಪರಕೀಯ ಪರಾಗಸ್ಪರ್ಶ ಆಗುವುದರಿಂದ, ಅಂದರೆ ಬೇರೆ ಮರದ ಪರಾಗ ಬಂದು ಸೇರುವುದರಿಂದ, ಬೀಜ ಹಾಕಿದರೆ ತಾಯಿ ಮರದ ಗುಣ ಬರುತ್ತದೆ ಅನ್ನುವ ಹಾಗಿಲ್ಲ. ಆ ಮರ ಉಳಿಯಬೇಕಾದರೆ ಕಸಿಯೇ ದಾರಿ. 2017ರಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಆ ಕುಟುಂಬದ ಜೊತೆ ಒಪ್ಪಂದ ಮಾಡಿಕೊಂಡಿತು, ಕಸಿ ಗಿಡಗಳು ತಯಾರಾದವು. ಅದೇ ಈಗಿನ ಸಿದ್ದು ಹಲಸು. ನೀವು ಎಲ್ಲೇ ಕೊಂಡರೂ ಆ ಗಿಡದ ಮೇಲಿನ ಭಾಗ ಚೇಳೂರಿನ ಆ ಒಂದೇ ಮರದ ಮುಂದುವರಿಕೆ. ಕೆಳಗಿನ ಬೇರು ಬೇರೆ ಯಾವುದೋ ಹಲಸಿನ ಬೀಜದ್ದು.

ಇವೆರಡು ಕೂಡುವ ಜಾಗವೇ ಕಸಿ ಗಂಟು. ಅದು ಬಿರುಕಿಲ್ಲದೆ ಕೂಡಿರಬೇಕು. ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಇನ್ನೂ ಅಲ್ಲೇ ಇದ್ದು ಗಾಯ ಮಾಗಿದ್ದರೆ ಬ್ಲೇಡಿನಿಂದ ಮೆಲ್ಲಗೆ ಸೀಳಿ ತೆಗೆಯಿರಿ. ಇಲ್ಲದಿದ್ದರೆ ಕಾಂಡ ದಪ್ಪ ಆದಾಗ ಪಟ್ಟಿ ಕತ್ತು ಹಿಸುಕುತ್ತದೆ. ಗಂಟಿನ ಕೆಳಗೆ ಬರುವ ಚಿಗುರನ್ನು ಕಂಡ ಕೂಡಲೇ ಚಿವುಟಬೇಕು. ಅದು ಬೇರಿನ ಗಿಡದ ಚಿಗುರು, ಮೇಲಿನದಕ್ಕಿಂತ ಜೋರಾಗಿ ಬೆಳೆಯುತ್ತದೆ. ಎರಡು ವರ್ಷ ಬಿಟ್ಟರೆ ಕಸಿ ಹೋಗಿ ಕಾಡು ಗಿಡ ಉಳಿಯುತ್ತದೆ. ಬಾದಾಮಿ ಮಾವು ನೆಟ್ಟಿದ್ದೆವು, ಹುಳಿಕಾಯಿ ಬಿಟ್ಟಿತು ಅನ್ನುವ ಎಷ್ಟೋ ದೂರುಗಳ ಹಿಂದೆ ಇದೇ ಇರುತ್ತದೆ.

ಗಿಡ ತರುವಾಗ ಕಾಂಡ ಹಿಡಿದು ಎತ್ತಬೇಡಿ, ಚೀಲ ಹಿಡಿಯಿರಿ. ಬೈಕಿನಲ್ಲಿ ತರುವುದಾದರೆ ಎಲೆಗೆ ಒದ್ದೆ ಬಟ್ಟೆ ಸುತ್ತಿ. ನೆರಳು ಪರದೆಯ ಕೆಳಗೆ ಬೆಳೆದ ಗಿಡದ ಎಲೆ ತೆಳುವಾಗಿರುತ್ತದೆ, ನೇರ ಬಿಸಿಲಿಗೆ ಸುಡುತ್ತದೆ. ಮರದ ಕೆಳಗೆ ಅರೆನೆರಳಲ್ಲಿ ಒಂದು ವಾರ ಹತ್ತು ದಿನ ಇಟ್ಟು, ದಿನದಿನಕ್ಕೆ ಬಿಸಿಲು ಹೆಚ್ಚಿಸಿ.

ಗುಂಡಿಯ ವಿಷಯದಲ್ಲಿ ನಮ್ಮ ಕಡೆ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ ಅನ್ನುವುದು ರೂಢಿ. ಬೇಸಿಗೆಯಲ್ಲೇ ತೋಡಿ ಬಿಸಿಲಿಗೆ ಬಿಡುತ್ತಾರೆ. ಗಟ್ಟಿ ಜಂಬಿಟ್ಟಿಗೆ ಕಲ್ಲು, ಗೊರಚಲು ನೆಲದಲ್ಲಿ ಇದು ಒಳ್ಳೆಯದೇ. ಆದರೆ ಒಂದು ಅಪಾಯ ಇದೆ. ಮೂರಡಿ ಸಡಿಲ ಮಣ್ಣು ತುಂಬಿ ಅದೇ ದಿನ ಗಿಡ ನೆಟ್ಟರೆ ಎರಡು ಮಳೆಗೆ ಮಣ್ಣು ಕುಸಿಯುತ್ತದೆ, ಗಿಡವೂ ಜೊತೆಗೆ ಇಳಿಯುತ್ತದೆ. ಬುಡ ಹೂತುಹೋಗುತ್ತದೆ. ಅದಕ್ಕೇ ಗುಂಡಿ ತುಂಬಿ, ಒಂದೆರಡು ಮಳೆಗೆ ಮಣ್ಣು ಕೂತ ಮೇಲೆ, ಬೇರಿನ ಉಂಡೆಯಷ್ಟೇ ಆಳದ ಸಣ್ಣ ಕುಣಿ ತೆಗೆದು ನೆಡುವುದು ಜಾಣತನ. ನೆಲ ಮೆದುವಾಗಿದ್ದರೆ ಆಳಕ್ಕಿಂತ ಅಗಲಕ್ಕೆ ಕೆಲಸ ಮಾಡಿ. ಉಂಡೆಯ ಎರಡು ಮೂರು ಪಟ್ಟು ಅಗಲ ಸಡಿಲಿಸಿದರೆ ಸಾಕು. ನೀರು, ಪೋಷಕಾಂಶ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಹರಡುತ್ತವೆ. ಬೇರಿಗೂ ಉಸಿರಾಡಲು ಆಮ್ಲಜನಕ ಬೇಕಲ್ವಾ, ಅದು ಅಲ್ಲೇ ಜಾಸ್ತಿ.

ಬುಡ ಹೂಳುವುದು ನಾವು ಅತಿ ಹೆಚ್ಚು ಮಾಡುವ ತಪ್ಪು. ಗಿಡ ವಾಲುತ್ತದೆ ಅಂತ ಮಣ್ಣು ಏರಿಸುತ್ತೇವೆ. ಟೊಮೇಟೊಗೆ ಅದು ಸರಿ, ಅದರ ಕಾಂಡದಿಂದಲೇ ಬೇರು ಬರುತ್ತದೆ. ಹೆಚ್ಚಿನ ಮರಗಳ ತೊಗಟೆ ಗಾಳಿಯಲ್ಲಿ ಇರಲು ಆದದ್ದು. ಒದ್ದೆ ಮಣ್ಣು ಅದಕ್ಕೆ ಅಂಟಿಕೊಂಡರೆ ಕೊಳೆಯುತ್ತದೆ, ಶಿಲೀಂಧ್ರ ಹತ್ತುತ್ತದೆ. ಮೊದಲ ಬೇರು ಹೊರಡುವ ಜಾಗದಲ್ಲಿ ಕಾಂಡ ಸ್ವಲ್ಪ ಅಗಲವಾಗುತ್ತದೆ ನೋಡಿ, ಅದು ನೆಲಮಟ್ಟದಲ್ಲಿ ಕಣ್ಣಿಗೆ ಕಾಣಬೇಕು. ಕಸಿ ಗಂಟು ಅದಕ್ಕಿಂತ ಗೇಣು ಮೇಲೆಯೇ ಇರಲಿ.

ನೆಡುವ ಹಿಂದಿನ ಸಂಜೆ ಚೀಲಕ್ಕೆ ನೀರು ಹಾಕಿ. ಆಗ ಉಂಡೆ ಒಡೆಯುವುದಿಲ್ಲ. ಚೀಲವನ್ನು ಎರಡೂ ಬದಿ ಸೀಳಿ ಪೂರ್ತಿ ತೆಗೆಯಿರಿ. ತಳ ಮಾತ್ರ ಕತ್ತರಿಸಿ ನೆಟ್ಟದ್ದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ, ಆ ಪ್ಲಾಸ್ಟಿಕ್ ಮಣ್ಣಿನಲ್ಲಿ ವರ್ಷಗಟ್ಟಲೆ ಕರಗುವುದಿಲ್ಲ. ಈಗ ಉಂಡೆಯನ್ನು ನೋಡಿ. ಹೊರಗೆ ತೆಳು ಬೇರುಗಳು ಸುತ್ತಿದ್ದರೆ ಬೆರಳಿನಿಂದ ಬಿಡಿಸಿ ಹೊರಕ್ಕೆ ಚಾಚಿ. ಬಿಡದಿದ್ದರೆ ಹರಿತ ಕತ್ತಿಯಿಂದ ಬದಿಗಳಲ್ಲಿ ಉದ್ದಕ್ಕೆ ಮೂರು ನಾಲ್ಕು ಗೀರು ಹಾಕಿ, ತಳದ ಸುರುಳಿ ಕತ್ತರಿಸಿ. ಕೈ ನಡುಗುತ್ತದೆ, ನಿಜ. ಆದರೆ ಬೇರಿನ ತುದಿ ಹೋದಾಗ ಅದರ ಹಿಂದಿನಿಂದ ಹೊಸ ಕವಲುಗಳು ಹೊರಡುತ್ತವೆ. ಚಿಗುರಿನಿಂದ ಕೆಳಗೆ ಇಳಿದು ಬರುವ ಆಕ್ಸಿನ್ ಎಂಬ ಹಾರ್ಮೋನು ಈ ಕವಲೊಡೆಯುವ ಕೆಲಸ ಮಾಡಿಸುತ್ತದೆ. ಆ ಹೊಸ ಬೇರುಗಳಿಗೆ ಚೀಲದ ಗೋಡೆ ಇಲ್ಲ, ಅವು ಹೊರಕ್ಕೇ ಹೋಗುತ್ತವೆ. ಹೀರುವ ಬೇರು ಒಂದಷ್ಟು ಹೋಗುವುದರಿಂದ ಈ ಕೆಲಸ ಮಳೆಗಾಲದ ಮೋಡದ ದಿನದಲ್ಲೇ ಆಗಲಿ. ನನ್ನ ನೇರಳೆಗೆ ಆ ದಿನ ಎರಡು ನಿಮಿಷ ಕತ್ತಿ ಆಡಿಸಿದ್ದರೆ ಇವತ್ತು ಅದು ಹಣ್ಣು ಕೊಡುತ್ತಿತ್ತೇನೋ.

ಗೊಬ್ಬರ ಹಾಕುವಾಗ ಹಸಿ ಸಗಣಿ ಬೇಡ. ಅದು ಕೊಳೆಯುವಾಗ ಬಿಸಿ ಹುಟ್ಟುತ್ತದೆ, ಗೊಣ್ಣೆ ಹುಳು ಬರುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಗುಂಡಿಯದೇ ಮಣ್ಣಿಗೆ ಬೆರೆಸಿ. ಗುಂಡಿ ತುಂಬಾ ಬರೀ ಗೊಬ್ಬರ ಸುರಿದರೆ ಎರೆ ಭೂಮಿಯಲ್ಲಿ ಅದು ಬಾವಿಯ ಹಾಗಾಗುತ್ತದೆ. ನೀರು ಅಲ್ಲೇ ನಿಲ್ಲುತ್ತದೆ, ಬೇರೂ ಆಚೆಯ ಗಟ್ಟಿ ಮಣ್ಣಿಗೆ ಹೋಗಲು ಒಲ್ಲೆ ಅನ್ನುತ್ತದೆ.

ವನಮಹೋತ್ಸವ ಜುಲೈ ಮೊದಲ ವಾರ. 1950ರಲ್ಲಿ ಆಗಿನ ಕೇಂದ್ರ ಕೃಷಿ ಸಚಿವ ಕೆ.ಎಂ. ಮುನ್ಷಿ ಅದನ್ನು ಶುರು ಮಾಡಿದಾಗಿನಿಂದ ಅದೇ ಕಾಲ. ನಮ್ಮ ಬಯಲುಸೀಮೆಯಲ್ಲಿ ಮಿರ್ಗ, ಆರಿದ್ರಾ ಮಳೆ ಹದವಾಗಿ ಬಂದರೆ ನೆಡಬಹುದು. ಆದರೆ ಇಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ನಡುವೆ ಹದಿನೈದು ದಿನ ಮಳೆ ಕೈಕೊಟ್ಟರೆ ನೀರು ನೀವೇ ಹಾಕಬೇಕು. ಆಗ ಒಂದು ಸೂಕ್ಷ್ಮ ಗಮನಿಸಿ. ನರ್ಸರಿಯ ಮಣ್ಣು ಸಡಿಲ, ಸುತ್ತಲಿನ ಜೇಡಿ ಮಣ್ಣು ನಯ. ನಯವಾದ ಮಣ್ಣು ನೀರನ್ನು ಬಿಗಿಯಾಗಿ ಹಿಡಿಯುತ್ತದೆ, ಸಡಿಲ ಉಂಡೆಯ ನೀರನ್ನೂ ತನ್ನ ಕಡೆ ಎಳೆದುಕೊಳ್ಳುತ್ತದೆ. ಸುತ್ತ ಒದ್ದೆ ಕಂಡರೂ ಉಂಡೆ ಒಣಗಿರಬಹುದು. ಮೊದಲ ಒಂದೆರಡು ತಿಂಗಳು ನೀರು ಉಂಡೆಯ ಮೇಲೇ ಬೀಳಲಿ, ಬೆರಳು ಅಲ್ಲೇ ಇಳಿಸಿ ನೋಡಿ. ಆಮೇಲೆ ಪಾತಿಯನ್ನು ಹೊರಕ್ಕೆ ದೊಡ್ಡದು ಮಾಡುತ್ತಾ ಹೋಗಿ.

ಊರುಗೋಲು ಕಟ್ಟುವವರು ಸ್ವಲ್ಪ ತಾಳಿ. ಇಂಗ್ಲೆಂಡಿನ ಸಸ್ಯ ವಿಜ್ಞಾನಿ ಥಾಮಸ್ ಆಂಡ್ರ್ಯೂ ನೈಟ್ 1803ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೆಲವು ಎಳೆ ಸೇಬಿನ ಗಿಡಗಳನ್ನು ಅಲುಗದಂತೆ ಬಿಗಿದು ಕಟ್ಟಿದರು, ಕೆಲವನ್ನು ಗಾಳಿಗೆ ಬಿಟ್ಟರು. ಗಾಳಿಗೆ ಆಡಿದ ಗಿಡಗಳ ಕಾಂಡ ಹೆಚ್ಚು ದಪ್ಪ ಆಯಿತು. ಒಂದು ಗಿಡ ಉತ್ತರ ದಕ್ಷಿಣಕ್ಕೆ ಮಾತ್ರ ಬಾಗುವಂತೆ ಮಾಡಿದ್ದರು. ಅದರ ಕಾಂಡ ಆ ದಿಕ್ಕಿಗೇ ಉಬ್ಬಿತು, ಆ ದಿಕ್ಕಿನ ದಪ್ಪ 13 ಪಾಲಾದರೆ ಅಡ್ಡ ದಿಕ್ಕಿನದು 11 ಪಾಲು. ಬಾಗಿದಷ್ಟೂ ಕಾಂಡದ ಕೋಶಗಳಿಗೆ ಸುದ್ದಿ ಮುಟ್ಟುತ್ತದೆ, ಅವು ಆ ಜಾಗ ಗಟ್ಟಿ ಮಾಡುತ್ತವೆ. ಆದ್ದರಿಂದ ಕಟ್ಟಲೇಬೇಕಾದರೆ ಕೆಳಗಡೆ, ಬಟ್ಟೆಯ ಪಟ್ಟಿಯಿಂದ, ತಲೆ ಆಡುವಷ್ಟು ಸಡಿಲವಾಗಿ ಕಟ್ಟಿ. ವರ್ಷದೊಳಗೆ ಬಿಚ್ಚಿ.

ನಿಜವಾದ ಪರೀಕ್ಷೆ ಮೊದಲ ಬೇಸಿಗೆ. ರಾಜ್ಯದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತರಿಗೆ ಹಣ ಸಿಗುವುದು ಬದುಕಿ ಉಳಿದ ಗಿಡಗಳ ಲೆಕ್ಕಕ್ಕೆ, ಅದೂ ಮೂರು ವರ್ಷ. ಇದು ನನಗೆ ತುಂಬಾ ಸರಿ ಅನ್ನಿಸುತ್ತದೆ. ಸಾಲುಮರದ ತಿಮ್ಮಕ್ಕ ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ ಬೆಳೆಸಿದ ಆಲದ ಸಾಲಿನ ಬಗ್ಗೆ ಹೇಳುವಾಗ ನಾವು ನೆಟ್ಟದ್ದನ್ನೇ ನೆನೆಯುತ್ತೇವೆ. ಅವರೂ ಗಂಡ ಚಿಕ್ಕಯ್ಯನವರೂ ಮೈಲಿಗಟ್ಟಲೆ ಬಿಂದಿಗೆಯಲ್ಲಿ ನೀರು ಹೊತ್ತರು, ದನ ಮೇಯದಂತೆ ಮುಳ್ಳು ಕಟ್ಟಿದರು. ಮರ ಆದದ್ದು ಅದರಿಂದ.

ನೀರು ಕಡಿಮೆ ಇದ್ದರೆ ಮಣ್ಣಿನ ಮಡಕೆಯೇ ಸಾಕು. ಗಿಡದಿಂದ ಒಂದಡಿ ದೂರ ಕುತ್ತಿಗೆವರೆಗೆ ಹೂತು ನೀರು ತುಂಬಿ ಮುಚ್ಚಿ. ಸುತ್ತಲಿನ ಮಣ್ಣು ಒಣಗಿದಾಗ ಮಡಕೆಯ ಸಣ್ಣ ರಂಧ್ರಗಳಿಂದ ನೀರು ಎಳೆಯುತ್ತದೆ, ಒದ್ದೆಯಾದಾಗ ಎಳೆತ ಕಡಿಮೆಯಾಗುತ್ತದೆ. ಮೇಲೆ ತರಗೆಲೆಯ ಹೊದಿಕೆ ನಾಲ್ಕು ಬೆರಳು ದಪ್ಪ ಹಾಸಿ, ಕಾಂಡದ ಸುತ್ತ ಮಾತ್ರ ಒಂದು ಅಂಗೈ ಜಾಗ ಖಾಲಿ ಬಿಡಿ. ಇಲ್ಲದಿದ್ದರೆ ಗೆದ್ದಲು ನೇರ ತೊಗಟೆಗೆ ಬರುತ್ತದೆ.

ನೇರಳೆ ಬಿದ್ದ ಜಾಗಕ್ಕೆ ನಾನು ತಂದದ್ದು ಒಂದು ಸಿದ್ದು ಹಲಸು, ಮೊಣಕಾಲೆತ್ತರದ್ದು. ಮೊದಲ ಏಪ್ರಿಲ್‌ನಲ್ಲಿ ಅದರ ಎಲೆಯೆಲ್ಲ ಉದುರಿತು. ಮನೆಯಲ್ಲಿ ಕಿತ್ತುಹಾಕಿ ಅಂದರು. ಉಗುರಿನಿಂದ ತೊಗಟೆ ಚೂರು ಕೆರೆದು ನೋಡಿದೆ. ತುದಿಯಲ್ಲಿ ಕಂದು, ಒಣಗಿತ್ತು. ಗಂಟಿನಿಂದ ಎರಡು ಇಂಚು ಮೇಲೆ ಕೆರೆದರೆ ಹಸಿರು, ತೇವ ಇತ್ತು. ಮಡಕೆ ತುಂಬಿಸುವುದನ್ನು ಬಿಡಲಿಲ್ಲ. ಮೇ ಕೊನೆಯಲ್ಲಿ ರೋಹಿಣಿ ಮಳೆ ಬಿದ್ದ ನಾಲ್ಕನೇ ದಿನ ಕಾಂಡದ ಮೇಲೆ ಕೆಂಪು ಮೊಗ್ಗಿನಂಥ ಚಿಗುರು ಕಂಡಿತು. ಬಗ್ಗಿ ನೋಡಿದೆ. ಕಸಿ ಗಂಟಿಗಿಂತ ಮೇಲೆಯೇ ಇತ್ತು.